ಡಿಸ್ಕ್ ಇಲ್ಲದ ಲ್ಯಾಬ್: ರ‍್ಯಾಮ್ ಉಳಿಸಬೇಕೋ, ನೆಟ್‌ವರ್ಕ್ ಉಳಿಸಬೇಕೋ?

ಕಾಪು_ದೀಪಸ್ತಂಭ, ಬುಧವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಉಡುಪಿ–ಕಾಪು ನಡುವೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಕೂಡ ನನ್ನ ಹತ್ತಿರವೇ ಇರುವುದರಿಂದ ಅಲ್ಲಿ ಏನು ಕೆಟ್ಟರೂ ನನ್ನ ತಲೆಗೇ ಬರುತ್ತದೆ.

ಲ್ಯಾಬಿನಲ್ಲಿ 26 ಹಳೆ ಡೆಸ್ಕ್‌ಟಾಪ್‌ಗಳಿವೆ. ಒಂದು ಕಾಲೇಜಿನವರು ಹೊಸದು ತಗೊಂಡಾಗ ನಮಗೆ ಕೊಟ್ಟದ್ದು. ಯಾವುದರಲ್ಲೂ ಹಾರ್ಡ್‌ಡಿಸ್ಕ್ ಇಲ್ಲ. ರ‍್ಯಾಮ್ 2 ಜಿಬಿ. ಎಲ್ಲವೂ ಒಂದೇ ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಬೂಟ್ ಆಗುತ್ತವೆ. ಎಲ್‌ಟಿಎಸ್‌ಪಿ (ಡಿಸ್ಕ್ ಇಲ್ಲದ ಮೆಷಿನ್‌ಗಳನ್ನು ಸರ್ವರ್‌ನಿಂದ ಬೂಟ್ ಮಾಡಿಸುವ ಲಿನಕ್ಸ್ ತಂತ್ರಾಂಶ) ಹಾಕಿಕೊಟ್ಟಿದ್ದಾರೆ. ಸಿಸ್ಟಂ ಪೂರ್ತಿ ಒಂದು ಸ್ಕ್ವಾಶ್‌ಎಫ್‌ಎಸ್ ಇಮೇಜ್‌ನಲ್ಲಿ (ಕಂಪ್ರೆಸ್ ಮಾಡಿಟ್ಟ, ಓದಲು ಮಾತ್ರ ಆಗುವ ಒಂದೇ ಫೈಲ್) ಉಂಟು, ಅದು ಎನ್‌ಎಫ್‌ಎಸ್ (ಸರ್ವರ್‌ನ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಮೇಲೆ ಬರುತ್ತದೆ. ಮಕ್ಕಳ ಹೋಮ್ ಫೋಲ್ಡರ್ ಕೂಡ ಎನ್‌ಎಫ್‌ಎಸ್‌ನಲ್ಲೇ. ಸರ್ವರ್‌ನಲ್ಲಿ 16 ಜಿಬಿ ರ‍್ಯಾಮ್, ಒಂದು ಗಿಗಾಬಿಟ್ ಪೋರ್ಟ್.

ಬೂಟ್ ಚೆನ್ನಾಗಿಯೇ ಆಗುತ್ತದೆ. ಕ್ಲಾಸಿನ ಮೊದಲ ಕಾಲು ಗಂಟೆ ತೊಂದರೆ ಇಲ್ಲ. ಮಕ್ಕಳು ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದು, ಜೊತೆಗೆ ಲಿಬ್ರೆಆಫೀಸ್ ತೆರೆದ ಮೇಲೆ ಶುರು. ಮೌಸ್ ನಿಂತು ನಿಂತು ಹೋಗುತ್ತದೆ. ಮೆನು ಒತ್ತಿದರೆ ತೆರೆಯುವುದಕ್ಕೆ ಯುಗ ಬೇಕು. ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮ ಮಿನುಗುತ್ತವೆ. ವಿಚಿತ್ರ ಅಂದರೆ ಆಗ ಯಾರೂ ಏನೂ ಡೌನ್‌ಲೋಡ್ ಮಾಡುತ್ತಿರುವುದಿಲ್ಲ!

ಇಬ್ಬರು ಎರಡು ಥರ ಹೇಳುತ್ತಾರೆ. ಸೆಟಪ್ ಮಾಡಿಕೊಟ್ಟವರು ‘ನೆಟ್‌ವರ್ಕ್ ಭಾರ ಕಡಿಮೆ ಮಾಡಬೇಕು, ಆದಷ್ಟು ಎಲ್ಲವನ್ನೂ ರ‍್ಯಾಮ್‌ಗೇ ತುಂಬಿ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನನ್ನ ತಮ್ಮ ‘2 ಜಿಬಿಯಲ್ಲಿ ಏನೂ ಇಡಬೇಡ ಅಕ್ಕ, ಪೂರ್ತಿ ಥಿನ್ ಕ್ಲೈಂಟ್ ಮಾಡು’ ಅನ್ನುತ್ತಾನೆ, ಅಂದರೆ ಪ್ರೋಗ್ರಾಂ ಓಡುವುದು ಸರ್ವರ್‌ನಲ್ಲಿ, ಇಲ್ಲಿ ಕಾಣುವುದು ಪರದೆ ಮಾತ್ರ. ಯಾರ ಮಾತು ಕೇಳುವುದು?

ನೇತ್ರಾವತಿ_ಸೇತುವೆ

26 ಎಸ್‌ಎಸ್‌ಡಿ ಹಾಕಿ, ತಲೆನೋವು ಮುಗಿಯಿತು. ಈ ಕಾಲದಲ್ಲಿ ಡಿಸ್ಕ್ ಇಲ್ಲದೆ ಒದ್ದಾಡುವುದು ಯಾಕೆ ಮಾರಾಯ್ರೆ?

ಕಾಪು_ದೀಪಸ್ತಂಭ

ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಕೇಳಿದರೆ ‘ಮೊದಲು ಶೌಚಾಲಯದ ಬಾಗಿಲು ಮಾಡಿಸಿ’ ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ ಅಲ್ವಾ ಸರ್. ಇನ್ನೊಂದು, ಈಗ ಒಂದು ಇಮೇಜ್ ಸರಿ ಮಾಡಿದರೆ 26 ಮೆಷಿನ್ ಸರಿಯಾಗುತ್ತವೆ. ಆ ಸುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಗೋಳಿಬಜೆ

ಎಸ್‌ಎಸ್‌ಡಿ ವಿಷಯ ಆಮೇಲೆ ನೋಡುವ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಇಂಥದ್ದೇ ಲ್ಯಾಬ್ ನೋಡಿಕೊಳ್ಳುತ್ತೇನೆ, ಮೆಷಿನ್ ಮಾತ್ರ ಸ್ವಲ್ಪ ಹೊಸವು.

ಟೀಚರ್, ರ‍್ಯಾಮ್ ಉಳಿಸುವುದು ಒಂದು ದಾರಿ, ನೆಟ್‌ವರ್ಕ್ ಉಳಿಸುವುದು ಇನ್ನೊಂದು ದಾರಿ, ಒಂದನ್ನು ಆರಿಸಿಕೊಳ್ಳಬೇಕು ಅಂತ ನಿಮಗೆ ಸಲಹೆ ಕೊಟ್ಟ ಇಬ್ಬರೂ ಅಂದುಕೊಂಡಿದ್ದಾರೆ. ಡಿಸ್ಕ್ ಇಲ್ಲದ ಮೆಷಿನ್‌ನಲ್ಲಿ ಹಾಗಿಲ್ಲ. ಅಲ್ಲಿ ರ‍್ಯಾಮ್ ಕಡಿಮೆಬಿದ್ದರೆ ಅದೇ ನೆಟ್‌ವರ್ಕ್ ಟ್ರಾಫಿಕ್ ಆಗಿ ಹೊರಗೆ ಬರುತ್ತದೆ.

ಯಾಕೆ ಅಂತ ಹೇಳುತ್ತೇನೆ. ಒಂದು ಪ್ರೋಗ್ರಾಂ ಓಡುವಾಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅದರ ಫೈಲನ್ನು ಒಂದೇ ಸಲ ಪೂರ್ತಿ ಓದುವುದಿಲ್ಲ. ಬೇಕಾದ ಹಾಗೆ 4 ಕೆಬಿ, 4 ಕೆಬಿ ಪೇಜ್‌ಗಳಾಗಿ ತಂದು ರ‍್ಯಾಮ್‌ನ ಪೇಜ್ ಕ್ಯಾಶ್‌ನಲ್ಲಿ ಇಡುತ್ತದೆ. ರ‍್ಯಾಮ್ ಇಕ್ಕಟ್ಟಾದಾಗ ಮೊದಲು ಬಿಸಾಡುವುದು ಇವನ್ನೇ. ಫೈಲ್‌ನಲ್ಲಿ ಹೇಗೂ ಪ್ರತಿ ಇದೆ, ಬೇಕಾದರೆ ಮತ್ತೆ ಓದಿದರಾಯಿತು ಅನ್ನುವ ಧೈರ್ಯ ಅದಕ್ಕೆ. ಮನೆಯ ಕಂಪ್ಯೂಟರ್‌ನಲ್ಲಿ ಮತ್ತೆ ಓದುವುದು ಪಕ್ಕದ ಡಿಸ್ಕ್‌ನಿಂದ. ನಿಮ್ಮಲ್ಲಿ ಸರ್ವರ್‌ನಿಂದ. ಲಿಬ್ರೆಆಫೀಸಿನ ಮೆನು ಒತ್ತಿದಾಗ ಆ ಮೆನು ತೆರೆಯುವ ಕೋಡ್ ರ‍್ಯಾಮ್‌ನಲ್ಲಿ ಇಲ್ಲ, ಸರ್ವರ್‌ನಿಂದ ಬರಬೇಕು. ಅದಕ್ಕೆ ಜಾಗ ಮಾಡಲು ಕರ್ನಲ್ ಬ್ರೌಸರ್‌ನ ನಾಲ್ಕು ಪೇಜ್ ಬಿಸಾಡುತ್ತದೆ. ಬ್ರೌಸರ್‌ಗೆ ವಾಪಸ್ ಹೋದರೆ ಅವು ಮತ್ತೆ ಸರ್ವರ್‌ನಿಂದ. ಯಾರೂ ಡೌನ್‌ಲೋಡ್ ಮಾಡದೆಯೂ ದೀಪ ಮಿನುಗುವುದು ಇದಕ್ಕೇ.

ಇನ್ನು ರ‍್ಯಾಮ್ ಒಳಗೆ ಕೂತವರಲ್ಲಿ ಎರಡು ಜಾತಿ. ಪೇಜ್ ಕ್ಯಾಶ್‌ನವರು ‘ಇಳಿಯಪ್ಪಾ’ ಅಂದರೆ ಇಳಿದು ಮುಂದಿನ ಬಸ್ಸಿಗೆ ಬರುತ್ತಾರೆ. ಟೆಂಪ್‌ಎಫ್‌ಎಸ್‌ನಲ್ಲಿ (ರ‍್ಯಾಮ್‌ನಲ್ಲೇ ಮಾಡಿದ ಫೋಲ್ಡರ್) ಇಟ್ಟ ಫೈಲ್‌ಗಳು ಮಂಗಳೂರಿನಲ್ಲಿ ಹತ್ತಿ ಉಡುಪಿವರೆಗೆ ಕಿಟಕಿ ಸೀಟು ಬಿಡದವರು. ಅವಕ್ಕೆ ಬೇರೆಲ್ಲೂ ಪ್ರತಿ ಇಲ್ಲ, ಹಾಗಾಗಿ ಸ್ವಾಪ್ (ರ‍್ಯಾಮ್ ತುಂಬಿದಾಗ ಅಲ್ಲಿದ್ದದ್ದನ್ನು ಸರಿಸಿ ಇಡುವ ಜಾಗ) ಇಲ್ಲದಿದ್ದರೆ ಕರ್ನಲ್ ಅವನ್ನು ಮುಟ್ಟುವ ಹಾಗಿಲ್ಲ. ಡಿಸ್ಕ್‌ಲೆಸ್ ಸೆಟಪ್‌ನಲ್ಲಿ ಕ್ಲೈಂಟ್ ಸಿಸ್ಟಂನಲ್ಲಿ ಬರೆದದ್ದೆಲ್ಲ ಓವರ್‌ಲೇ (ಓದಲು ಮಾತ್ರ ಆಗುವ ಇಮೇಜ್ ಮೇಲೆ ಹಾಸಿದ, ಬರೆಯಬಹುದಾದ ಪದರ) ಮೂಲಕ ಹೋಗಿ ಬೀಳುವುದು ಟೆಂಪ್‌ಎಫ್‌ಎಸ್‌ಗೇ.

ಊಹೆ ಸಾಕು, ಲೆಕ್ಕ ಬೇಕು. ಕ್ಲಾಸಿನ ಮಧ್ಯೆ ಒದ್ದಾಡುತ್ತಿರುವ ಒಂದು ಮೆಷಿನ್‌ನಲ್ಲಿ ‘ಫ್ರೀ -ಎಂ’ (ರ‍್ಯಾಮ್ ಲೆಕ್ಕವನ್ನು ಎಂಬಿಯಲ್ಲಿ ತೋರಿಸುವ ಕಮಾಂಡ್) ಹಾಕಿ ಪೂರ್ತಿ ಸಾಲು ಬರೆದುಕೊಳ್ಳಿ. ಆಮೇಲೆ ಪ್ರೊಕ್ ಫೋಲ್ಡರ್ ಒಳಗಿನ ವಿಎಂಸ್ಟ್ಯಾಟ್ ಫೈಲ್‌ನಲ್ಲಿ ‘ವರ್ಕಿಂಗ್‌ಸೆಟ್ ರಿಫಾಲ್ಟ್ ಫೈಲ್’ ಅನ್ನುವ ಸಾಲು ನೋಡಿ. ಹತ್ತು ಸೆಕೆಂಡು ಬಿಟ್ಟು ಮತ್ತೊಮ್ಮೆ ನೋಡಿ. ಬಿಸಾಡಿದ ಪೇಜನ್ನು ಮತ್ತೆ ತಂದ ಲೆಕ್ಕ ಅದು.

ಕಾಪು_ದೀಪಸ್ತಂಭ, ಗುರುವಾರ

ಇವತ್ತು ಒಂಬತ್ತನೇ ಕ್ಲಾಸಿನ ಪಿರಿಯಡ್‌ನಲ್ಲಿ ನೋಡಿದೆ. ಟೋಟಲ್ 1874, ಯೂಸ್ಡ್ 1010, ಫ್ರೀ 58, ಶೇರ್ಡ್ 612, ಬಫ್/ಕ್ಯಾಶ್ 806, ಅವೈಲಬಲ್ 163. ಸ್ವಾಪ್ ಸೊನ್ನೆ. ರಿಫಾಲ್ಟ್ ಸಾಲು ಹತ್ತು ಸೆಕೆಂಡಿನಲ್ಲಿ ಸುಮಾರು 21,000 ಏರಿತು. ಬಫ್/ಕ್ಯಾಶ್ 806 ಅಂದರೆ ಸಾಕಷ್ಟು ಉಂಟಲ್ವಾ?

ಗೋಳಿಬಜೆ

ಕಾಣಲಿಕ್ಕೆ ಉಂಟು, ಕೆಲಸಕ್ಕೆ ಇಲ್ಲ. ಆ 806ರ ಒಳಗೇ ‘ಶೇರ್ಡ್’ 612 ಸೇರಿಕೊಂಡಿದೆ. ಅದರಲ್ಲಿ ಹೆಚ್ಚಿನದು ಟೆಂಪ್‌ಎಫ್‌ಎಸ್, ಅಂದರೆ ಇಳಿಯದವರು. ನಿಜವಾದ ಪೇಜ್ ಕ್ಯಾಶ್ 200 ಎಂಬಿಯೂ ಇಲ್ಲ. ಒಂದು ಬ್ರೌಸರ್, ಒಂದು ಲಿಬ್ರೆಆಫೀಸ್, ಡೆಸ್ಕ್‌ಟಾಪ್ ಮೂರರ ಕೋಡ್ ಅಷ್ಟರಲ್ಲಿ ಒಟ್ಟಿಗೆ ಹಿಡಿಯುವುದಿಲ್ಲ.

ಈಗ ರಿಫಾಲ್ಟ್. 21,000 ಪೇಜ್ ಹತ್ತು ಸೆಕೆಂಡಿಗೆ, ಅಂದರೆ ಸೆಕೆಂಡಿಗೆ 2,100. ಒಂದಕ್ಕೆ 4 ಕೆಬಿ ಹಿಡಿದರೆ ಸೆಕೆಂಡಿಗೆ 8.4 ಎಂಬಿ. 26 ಮೆಷಿನ್ ಒಟ್ಟಿಗೆ ಹಾಗೆ ಮಾಡಿದರೆ 218 ಎಂಬಿ. ನಿಮ್ಮ ಸರ್ವರ್‌ನ ಗಿಗಾಬಿಟ್ ಪೋರ್ಟ್ ಎಷ್ಟು ಒದ್ದಾಡಿದರೂ ಸೆಕೆಂಡಿಗೆ 110 ಎಂಬಿ ಆಸುಪಾಸು ಕೊಡುತ್ತದೆ. ಸ್ಕ್ವಾಶ್‌ಎಫ್‌ಎಸ್ ಕಂಪ್ರೆಸ್ ಆಗಿರುವುದರಿಂದ ವೈರಿನ ಮೇಲೆ ಇದಕ್ಕಿಂತ ಕಡಿಮೆ ಹೋಗಬಹುದು. ಆದರೆ ಒಂದು ಪೇಜ್ ಬೇಕಾದರೂ ಅದು ಇರುವ ಇಡೀ ಬ್ಲಾಕನ್ನೇ ತರಬೇಕು, ಮಾಮೂಲಿ ಬ್ಲಾಕ್ ಸೈಜ್ 128 ಕೆಬಿ. ಹಾಗಾಗಿ ಜಾಸ್ತಿಯೂ ಆಗಬಹುದು.

ಅಂದ ಹಾಗೆ, ಸರ್ವರ್‌ನ ಡಿಸ್ಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 26 ಮಂದಿಯೂ ಕೇಳುವುದು ಒಂದೇ ಇಮೇಜ್ ಫೈಲ್. ಅದು ಒಮ್ಮೆ ಸರ್ವರ್‌ನ ರ‍್ಯಾಮ್‌ಗೆ ಬಂದರೆ ಡಿಸ್ಕ್‌ಗೆ ಮತ್ತೆ ಕೆಲಸವೇ ಇಲ್ಲ. ಸರ್ವರ್‌ಗೆ ಒಳ್ಳೆ ಡಿಸ್ಕ್ ಹಾಕಿ ಅಂತ ಯಾರಾದರೂ ಬಂದರೆ ಚಾ ಕೊಟ್ಟು ಕಳಿಸಿ.

ಈಗ ಪ್ರಶ್ನೆ, ಆ 612 ಎಂಬಿ ಯಾರದ್ದು? ‘ಡಿಯು’ (ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ಹೇಳುವ ಕಮಾಂಡ್) ಹಾಕಿ ಟೆಂಪ್‌ಎಫ್‌ಎಸ್ ಮೌಂಟ್‌ಗಳನ್ನು ಒಂದೊಂದಾಗಿ ನೋಡಿ.

ಹಳೆ_ಯೂನಿಕ್ಸ್

ಮಣಿಪಾಲದಿಂದ. ಟೀಚರ್ ಲೆಕ್ಕ ತರುವಷ್ಟರಲ್ಲಿ ಸ್ವಲ್ಪ ಹಳೆ ಕತೆ ಹೇಳಬಹುದಾ? ಈಗಿನವರು ಇದನ್ನು ಹೊಸ ತಲೆನೋವು ಅಂದುಕೊಂಡಿದ್ದಾರೆ, ಅದಕ್ಕೆ.

1980ರ ದಶಕದಲ್ಲಿ ಸನ್ ಕಂಪನಿ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್ ಮಾರುತ್ತಿತ್ತು. ಡಿಸ್ಕ್ ಆಗ ಅಷ್ಟು ದುಬಾರಿ. ಸನ್ 3/50ರಲ್ಲಿ ಇದ್ದದ್ದು 4 ಎಂಬಿ ರ‍್ಯಾಮ್. ಜಿಬಿ ಅಲ್ಲ, ಎಂಬಿ. ನೆಟ್‌ವರ್ಕ್ 10 ಮೆಗಾಬಿಟ್ ಈಥರ್ನೆಟ್, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಎನ್‌ಎಫ್‌ಎಸ್ ಹುಟ್ಟಿದ್ದೂ ಅಲ್ಲೇ. ಸ್ವಾಪ್ ಕೂಡ ನೆಟ್‌ವರ್ಕ್ ಮೇಲೆಯೇ ಹೋಗುತ್ತಿತ್ತು.

ಅದೇ ಕಾಲದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರ ತಂಡ ಸ್ಪ್ರೈಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಕಟ್ಟಿತು. ಟೀಚರ್ ಕೇಳಿದ ಪ್ರಶ್ನೆಯೇ ಅವರ ಮುಂದೆಯೂ ಇತ್ತು. ಕ್ಲೈಂಟ್‌ನ ರ‍್ಯಾಮ್‌ನಲ್ಲಿ ಫೈಲ್ ಕ್ಯಾಶ್‌ಗೆ ಎಷ್ಟು ಕೊಡಬೇಕು, ಓಡುವ ಪ್ರೋಗ್ರಾಂಗಳಿಗೆ ಎಷ್ಟು? ಆಗಿನ ಯೂನಿಕ್ಸ್‌ನಲ್ಲಿ ಫೈಲ್ ಕ್ಯಾಶ್‌ಗೆ ಇಷ್ಟೇ ಅಂತ ಮೊದಲೇ ಕತ್ತರಿಸಿ ಇಡುತ್ತಿದ್ದರು. ಸ್ಪ್ರೈಟ್‌ನಲ್ಲಿ ಎರಡೂ ಕಡೆಯವರು ಪೇಜ್‌ಗಳನ್ನು ಕೊಟ್ಟು ತೆಗೆದುಕೊಳ್ಳುವ ಹಾಗೆ ಮಾಡಿದರು. 1988ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಕ್ಲೈಂಟ್‌ನಲ್ಲಿ ಒಳ್ಳೆ ಕ್ಯಾಶ್ ಇದ್ದರೆ, ಡಿಸ್ಕ್ ಇರುವ ಮೆಷಿನ್‌ಗೂ ಇಲ್ಲದ ಮೆಷಿನ್‌ಗೂ ವ್ಯತ್ಯಾಸ ಸೊನ್ನೆಯಿಂದ ಶೇ 12 ಅಷ್ಟೇ.

ಅವರು ಇನ್ನೊಂದು ಉಪಾಯ ಮಾಡಿದ್ದರು. ಬರೆದ ಫೈಲನ್ನು ತಕ್ಷಣ ಸರ್ವರ್‌ಗೆ ಕಳಿಸದೆ 30 ಸೆಕೆಂಡು ಕ್ಲೈಂಟ್‌ನಲ್ಲೇ ಇಟ್ಟುಕೊಳ್ಳುವುದು. ತಾತ್ಕಾಲಿಕ ಫೈಲ್‌ಗಳಲ್ಲಿ ಎಷ್ಟೋ ಅಷ್ಟರೊಳಗೆ ಅಳಿಸಿಹೋಗುತ್ತವೆ, ಅವು ವೈರಿನ ಮುಖವನ್ನೇ ನೋಡುವುದಿಲ್ಲ. ಎನ್‌ಎಫ್‌ಎಸ್ ಹಾಗಲ್ಲ. ಫೈಲ್ ಮುಚ್ಚಿದ ಕೂಡಲೇ ಬರೆದದ್ದನ್ನೆಲ್ಲ ಸರ್ವರ್‌ಗೆ ತಳ್ಳುತ್ತದೆ. ಮತ್ತೊಬ್ಬರು ತೆರೆದಾಗ ಹೊಸದೇ ಕಾಣಬೇಕು ಅನ್ನುವುದಕ್ಕೆ. ಹಾಗಾಗಿ ತಾತ್ಕಾಲಿಕ ಫೈಲ್‌ಗಳನ್ನು ಟೆಂಪ್‌ಎಫ್‌ಎಸ್‌ನಲ್ಲಿ ಇಡುವುದೇ ತಪ್ಪು ಅಂತ ಗೋಳಿಬಜೆಯವರ ಮಾತಿನಿಂದ ಯಾರೂ ತಿಳಿಯಬಾರದು. ಚಿಕ್ಕದು, ಬೇಗ ಸಾಯುವಂಥದ್ದು ರ‍್ಯಾಮ್‌ನಲ್ಲಿರಲಿ. ಬೆಳೆಯುತ್ತಾ ಹೋಗುವುದು ಬೇಡ.

ಸೈಬರ್_ಕುಂದಾಪುರ

ಹಳೆ_ಯೂನಿಕ್ಸ್ ಸರ್ ಹೇಳಿದ ಬರೆಯುವ ವಿಷಯಕ್ಕೆ ಒಂದು ಮಾತು. ನಾನು ಸೈಬರ್ ಕೆಫೆ ನಡೆಸುತ್ತಿದ್ದಾಗ ಡಿಸ್ಕ್‌ಲೆಸ್ ವಿಂಡೋಸ್ ಇಟ್ಟಿದ್ದೆ, ಐಸ್ಕಸಿ (ಸರ್ವರ್‌ನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಸ್ವಂತ ಡಿಸ್ಕ್‌ನ ಹಾಗೆ ಕೊಡುವ ವ್ಯವಸ್ಥೆ) ಮೇಲೆ. ಅಲ್ಲಿ ಓದುವುದಕ್ಕಿಂತ ಬರೆಯುವುದೇ ಕಾಟ. ವಿಂಡೋಸ್ ಸುಮ್ನೆ ಕೂತಾಗಲೂ ಏನಾದರೂ ಬರೆಯುತ್ತಾ ಇರುತ್ತದೆ, ಲಾಗ್, ಇಂಡೆಕ್ಸ್, ಪೇಜ್‌ಫೈಲ್. ಓದುವುದನ್ನು ಎಲ್ಲರಿಗೂ ಒಂದೇ ಕ್ಯಾಶ್‌ನಿಂದ ಕೊಡಬಹುದು. ಬರೆದದ್ದು ಒಬ್ಬೊಬ್ಬರದ್ದು ಬೇರೆ, ಸರ್ವರ್‌ನಲ್ಲಿ ಪ್ರತಿ ಮೆಷಿನ್‌ಗೂ ಬೇರೆ ಜಾಗ. ಹಾಗಾಗಿ ಅಲ್ಲಿ ಸರ್ವರ್‌ಗೆ ಎಸ್‌ಎಸ್‌ಡಿ ಬೇಕೇ ಬೇಕು. ಟೀಚರ್ ಲಿನಕ್ಸ್‌ನಲ್ಲಿ ಇರುವುದರಿಂದ ಬಚಾವ್.

ಕಾಪು_ದೀಪಸ್ತಂಭ, ಶುಕ್ರವಾರ

ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರು. ಮಕ್ಕಳಿಲ್ಲದ ಲ್ಯಾಬ್, ಆರಾಮಾಗಿ ಕೂತು ಹುಡುಕಿದೆ. ಗಣಿತ ಟೀಚರಿಗೆ ಲೆಕ್ಕ ತಾಳೆಯಾಗದಿದ್ದರೆ ಊಟ ಸೇರುವುದಿಲ್ಲ. ನಾನೇ ಒಂದು ಮೆಷಿನ್‌ನಲ್ಲಿ ಮಕ್ಕಳ ಹಾಗೆ ಎಲ್ಲ ತೆರೆದು, ಅರ್ಧ ಗಂಟೆ ಬಿಟ್ಟು ನೋಡಿದೆ.

ಬ್ರೌಸರ್ ಕ್ಯಾಶ್ ಒಂದೇ 350 ಎಂಬಿ ದಾಟಿತ್ತು. ಹೋಮ್ ಫೋಲ್ಡರ್ ಎನ್‌ಎಫ್‌ಎಸ್‌ನಲ್ಲಿದ್ದರೂ ಅದರೊಳಗಿನ ಕ್ಯಾಶ್ ಫೋಲ್ಡರನ್ನು ಟಿಎಂಪಿ ಫೋಲ್ಡರ್‌ಗೆ (ಅದು ಟೆಂಪ್‌ಎಫ್‌ಎಸ್) ಲಿಂಕ್ ಮಾಡಿಟ್ಟಿದ್ದಾರೆ. ಸೆಟಪ್ ಮಾಡಿಕೊಟ್ಟವರನ್ನು ಕೇಳಿದರೆ ‘ನೆಟ್‌ವರ್ಕ್ ಉಳಿಯಲಿ ಅಂತ’ ಅಂದರು.

ಓವರ್‌ಲೇಯ ಮೇಲಿನ ಪದರದಲ್ಲಿ 150 ಎಂಬಿಗೂ ಜಾಸ್ತಿ. ಅದರಲ್ಲಿ ಹೆಚ್ಚಿನದು ಜಿಕಾಂಪ್ರಿ ಅನ್ನುವ ಮಕ್ಕಳ ಕಲಿಕೆಯ ಪ್ರೋಗ್ರಾಂನ ಚಿತ್ರ, ಧ್ವನಿಯ ಫೈಲ್‌ಗಳು. ನಾವು ಅವನ್ನು ಮುಟ್ಟಿಯೇ ಇಲ್ಲ. ಅವು ರ‍್ಯಾಮ್‌ಗೆ ಯಾಕೆ ಬಂದವು?

ಗೋಳಿಬಜೆ

ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಆ ಫೋಲ್ಡರ್ ಮೇಲೆ ‘ಚೌನ್’ (ಫೈಲ್‌ನ ಮಾಲೀಕರನ್ನು ಬದಲಿಸುವ ಕಮಾಂಡ್) ಅಥವಾ ‘ಚಿಮಾಡ್’ (ಅನುಮತಿ ಬದಲಿಸುವುದು) ಇದೆಯಾ ನೋಡಿ.

ಕಾಪು_ದೀಪಸ್ತಂಭ

ಉಂಟು! ‘ಚೌನ್ -ಆರ್’ ಅಂತ ಒಂದು ಸಾಲು. ನಿಮಗೆ ಹೇಗೆ ಗೊತ್ತಾಯಿತು?

ಗೋಳಿಬಜೆ

ಓವರ್‌ಲೇಯ ಸ್ವಭಾವವೇ ಹಾಗೆ. ಕೆಳಗಿನ ಪದರ ಓದಲು ಮಾತ್ರ. ಅಲ್ಲಿನ ಒಂದು ಫೈಲ್‌ನಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಇಡೀ ಫೈಲ್ ಮೇಲಿನ ಪದರಕ್ಕೆ ಕಾಪಿ ಆಗುತ್ತದೆ. ಅಕ್ಷರ ಬದಲಾಯಿಸುವುದೂ ಬೇಡ, ಮಾಲೀಕರ ಹೆಸರು ಬದಲಾಯಿಸಿದರೂ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪೂರ್ತಿ ಫೈಲ್ ಬರುತ್ತದೆ. ನಿಮ್ಮಲ್ಲಿ ಪ್ರತಿ ಬೂಟ್‌ಗೂ 26 ಮೆಷಿನ್ ಅಷ್ಟೂ ಫೈಲ್‌ಗಳನ್ನು ಸರ್ವರ್‌ನಿಂದ ಎಳೆದು ರ‍್ಯಾಮ್‌ನಲ್ಲಿ ತುಂಬಿಕೊಳ್ಳುತ್ತಿವೆ. ನೆಟ್‌ವರ್ಕೂ ಹೋಯಿತು, ರ‍್ಯಾಮೂ ಹೋಯಿತು. ಆ ಕೆಲಸವನ್ನು ಇಮೇಜ್ ಕಟ್ಟುವಾಗಲೇ ಸರ್ವರ್‌ನಲ್ಲಿ ಮಾಡಿ, ಸ್ಕ್ರಿಪ್ಟ್‌ನಿಂದ ಆ ಸಾಲು ತೆಗೆದುಬಿಡಿ.

ಬ್ರೌಸರ್ ಕ್ಯಾಶ್ ವಿಷಯ. ಅದನ್ನು ಎನ್‌ಎಫ್‌ಎಸ್‌ಗೆ ವಾಪಸ್ ಹಾಕಬೇಡಿ, ಸಾವಿರ ಚಿಕ್ಕ ಚಿಕ್ಕ ಫೈಲ್ ಬರೆದು ಸರ್ವರ್‌ನ ಜೀವ ತಿನ್ನುತ್ತದೆ. ಫೈರ್‌ಫಾಕ್ಸ್ ಆದರೆ ಡಿಸ್ಕ್ ಕ್ಯಾಶ್ ಪೂರ್ತಿ ಆಫ್ ಮಾಡಿ, ಮೆಮೊರಿ ಕ್ಯಾಶ್‌ಗೆ 64 ಎಂಬಿ ಮಿತಿ ಹಾಕಿ. ಆ ಸೆಟ್ಟಿಂಗ್ ಕೆಬಿಯಲ್ಲಿ ಕೇಳುತ್ತದೆ, 65536 ಅಂತ ಬರೆಯಬೇಕು. ಮಕ್ಕಳು ಒಂದೇ ಚಿತ್ರವನ್ನು ಇಂಟರ್ನೆಟ್‌ನಿಂದ ಎರಡು ಸಲ ತಂದರೂ ಪರವಾಗಿಲ್ಲ. ಅದು ಬರುವುದು ನಿಮ್ಮ ಬ್ರಾಡ್‌ಬ್ಯಾಂಡ್‌ನ ತೆಳ್ಳಗಿನ ಪೈಪ್‌ನಲ್ಲಿ, ಲ್ಯಾಬಿನ ಗಿಗಾಬಿಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಬ್ರಾಡ್‌ಬ್ಯಾಂಡ್ ಒದ್ದಾಡಿದರೆ ಸರ್ವರ್‌ನಲ್ಲಿ ಸ್ಕ್ವಿಡ್ ಹಾಕಿದರಾಯಿತು, ಎಲ್ಲರಿಗೂ ಒಂದೇ ಕ್ಯಾಶ್. ಎಚ್‌ಟಿಟಿಪಿಎಸ್ ಸೈಟ್‌ಗಳಿಗೆ ಅದರಿಂದ ಲಾಭ ಇಲ್ಲ ಅನ್ನುವುದು ಬೇರೆ ಮಾತು.

ಜರ್ನಲ್ ಲಾಗ್‌ಗೂ ಒಂದು ಮಿತಿ ಹಾಕಿ, 16 ಎಂಬಿ ಧಾರಾಳ.

ರಾಸ್ಪ್‌ಬೆರಿ_ಸುರತ್ಕಲ್

ಅಣ್ಣಾ, ಇಷ್ಟೆಲ್ಲ ಯಾಕೆ, ಸ್ವಾಪ್ ಕೊಟ್ಟರೆ ಮುಗೀತಲ್ಲ? ಸ್ವಾಪ್ ಇಲ್ಲದ್ದೇ ಸಮಸ್ಯೆ. ಸರ್ವರ್‌ನಲ್ಲಿ ಒಂದು ಫೈಲ್ ಇಟ್ಟು ಎನ್‌ಬಿಡಿ (ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್) ಮೇಲೆ ಸ್ವಾಪ್ ಕೊಡಬಹುದು. ಹಳೆ ಎಲ್‌ಟಿಎಸ್‌ಪಿಯಲ್ಲಿ ಅದಕ್ಕೆ ವ್ಯವಸ್ಥೆಯೇ ಇತ್ತು.

ಹಳೆ_ಯೂನಿಕ್ಸ್

ಇತ್ತು. ಅದರ ಕಷ್ಟವೂ ಇತ್ತು. ರ‍್ಯಾಮ್ ಮುಗಿದಾಗ ಸ್ವಾಪ್‌ಗೆ ಬರೆಯಬೇಕು. ನೆಟ್‌ವರ್ಕ್ ಮೇಲೆ ಬರೆಯಲು ಪ್ಯಾಕೆಟ್ ಕಟ್ಟಬೇಕು. ಪ್ಯಾಕೆಟ್ ಕಟ್ಟಲು ರ‍್ಯಾಮ್ ಬೇಕು. ಅದೇ ಇಲ್ಲ! ಮೆಷಿನ್ ಅಲ್ಲೇ ಕಲ್ಲಾಗುತ್ತಿತ್ತು. 2012ರಲ್ಲಿ ಬಂದ 3.6 ಕರ್ನಲ್‌ನಲ್ಲಿ ಇದಕ್ಕಾಗಿಯೇ ಸ್ವಲ್ಪ ಮೆಮೊರಿಯನ್ನು ಮೀಸಲಿಡುವ ವ್ಯವಸ್ಥೆ ಮಾಡಿದರು. ಈಗ ಕಲ್ಲಾಗುವ ಭಯ ಕಡಿಮೆ. ಆದರೆ ಟ್ರಾಫಿಕ್ ಕಡಿಮೆ ಮಾಡಬೇಕು ಅಂತ ಹೊರಟವರು ಸ್ವಾಪನ್ನೂ ಅದೇ ವೈರಿನ ಮೇಲೆ ಹಾಕುವುದು ಯಾವ ನ್ಯಾಯ ತಮ್ಮಾ?

ಗೋಳಿಬಜೆ

ಸ್ವಾಪ್ ಬೇಕು ಅನ್ನುವುದು ಸರಿ. ಆದರೆ ಝೆಡ್‌ರ‍್ಯಾಮ್ ಸ್ವಾಪ್. ಅಂದರೆ ರ‍್ಯಾಮ್‌ನಲ್ಲೇ ಒಂದು ಕಂಪ್ರೆಸ್ ಆಗುವ ಸ್ವಾಪ್ ಡಿವೈಸ್. 2014ರಿಂದ ಮುಖ್ಯ ಕರ್ನಲ್‌ನಲ್ಲೇ ಉಂಟು. 1 ಜಿಬಿ ಝೆಡ್‌ರ‍್ಯಾಮ್ ಕೊಟ್ಟರೆ, ಪ್ರೋಗ್ರಾಂಗಳ ಡೇಟಾ ಮೂರಕ್ಕೊಂದರಂತೆ ಕುಗ್ಗಿತು ಅಂತಿಟ್ಟುಕೊಳ್ಳಿ, ಅದು ಪೂರ್ತಿ ತುಂಬಿದಾಗಲೂ ತಿನ್ನುವುದು 350 ಎಂಬಿ ಆಸುಪಾಸು. ಉಳಿದದ್ದೆಲ್ಲ ಪೇಜ್ ಕ್ಯಾಶ್‌ಗೆ. ಟೆಂಪ್‌ಎಫ್‌ಎಸ್‌ನಲ್ಲಿ ಕೂತದ್ದೂ ಅಲ್ಲಿಗೆ ಹೋಗಬಲ್ಲದು. ಆದರೆ ಜೆಪೆಗ್, ವಿಡಿಯೋ ಮೊದಲೇ ಕಂಪ್ರೆಸ್ ಆಗಿರುವುದರಿಂದ ಇನ್ನು ಕುಗ್ಗುವುದಿಲ್ಲ. ಬ್ರೌಸರ್ ಕ್ಯಾಶನ್ನು ಮೊದಲು ಹೊರಗೆ ಹಾಕಿ ಅಂದದ್ದು ಅದಕ್ಕೇ.

ಇದರ ಜೊತೆ ಒಂದು ಸೆಟ್ಟಿಂಗ್ ಬದಲಿಸಲೇಬೇಕು, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎಲ್ಲಿ ಹುಡುಕಿದರೂ ‘ಸ್ವಾಪಿನೆಸ್ 10ಕ್ಕೆ ಇಳಿಸಿ’ ಅಂತ ಸಿಗುತ್ತದೆ. ಡಿಸ್ಕ್ ಇಲ್ಲದ ಮೆಷಿನ್‌ಗೆ ಅದು ಪೂರ್ತಿ ಉಲ್ಟಾ. ಸ್ವಾಪಿನೆಸ್ ಮೂಲಕ ನಾವು ಕರ್ನಲ್‌ಗೆ ಒಂದು ರೇಟು ಹೇಳುತ್ತೇವೆ. ಪ್ರೋಗ್ರಾಂ ಡೇಟಾವನ್ನು ಸ್ವಾಪ್‌ಗೆ ಹಾಕಿ ವಾಪಸ್ ತರುವುದು ದುಬಾರಿಯೋ, ಫೈಲ್ ಪೇಜ್ ಬಿಸಾಡಿ ಮತ್ತೆ ಓದುವುದು ದುಬಾರಿಯೋ ಅಂತ. 100 ಅಂದರೆ ಎರಡೂ ಸಮ. 10 ಅಂದರೆ ‘ಸ್ವಾಪ್ ತುಂಬಾ ದುಬಾರಿ, ಫೈಲ್ ಪೇಜನ್ನೇ ಬಿಸಾಡು’ ಅಂದ ಹಾಗೆ. ನಿಮ್ಮ ಲ್ಯಾಬಿನಲ್ಲಿ ಸ್ವಾಪ್ ಇರುವುದು ಸ್ವಂತ ರ‍್ಯಾಮ್‌ನಲ್ಲಿ, ಫೈಲ್ ಇರುವುದು 25 ಜನರ ಜೊತೆ ಹಂಚಿಕೊಂಡ ವೈರಿನ ಆಚೆ ತುದಿಯಲ್ಲಿ. ಯಾವುದು ದುಬಾರಿ? 5.8ರಿಂದ ಈಚಿನ ಕರ್ನಲ್‌ಗಳಲ್ಲಿ ಸ್ವಾಪಿನೆಸ್ 200ರವರೆಗೆ ಹೋಗುತ್ತದೆ. ನಾನು 150 ಇಟ್ಟಿದ್ದೇನೆ. ‘ಪೇಜ್-ಕ್ಲಸ್ಟರ್’ ಸೊನ್ನೆ ಮಾಡಿ. ಒಂದು ಪೇಜ್ ಕೇಳಿದರೆ ಅಕ್ಕಪಕ್ಕದ್ದನ್ನೂ ತರುವ ಅಭ್ಯಾಸ ಡಿಸ್ಕ್‌ಗೆ ಸರಿ, ಝೆಡ್‌ರ‍್ಯಾಮ್‌ಗೆ ಬೇಡ.

ಸಿಪಿಯು ಸ್ವಲ್ಪ ಜಾಸ್ತಿ ತಿನ್ನುತ್ತದೆ. ಹಳೆ ಡ್ಯುಯಲ್‌ಕೋರ್ ಆದರೂ ಎಲ್‌ಝೆಡ್4 ಅನ್ನುವ ವೇಗದ ಕಂಪ್ರೆಷನ್ ಇಟ್ಟರೆ ಗೊತ್ತೇ ಆಗುವುದಿಲ್ಲ.

ನೇತ್ರಾವತಿ_ಸೇತುವೆ

ಸೆಟಪ್‌ನವರು ಹೇಳಿದ ಹಾಗೆ ಇಮೇಜನ್ನೇ ಪೂರ್ತಿ ರ‍್ಯಾಮ್‌ಗೆ ಹಾಕಿದರೆ? ‘ಟುರ‍್ಯಾಮ್’ ಅಂತ ಆಪ್ಷನ್ ಬರುತ್ತದಲ್ಲ. ಒಮ್ಮೆ ಬೂಟ್ ಆದ ಮೇಲೆ ಟ್ರಾಫಿಕ್ಕೇ ಇಲ್ಲ.

ಗೋಳಿಬಜೆ

2 ಜಿಬಿ ಮೆಷಿನ್‌ನಲ್ಲಿ 2 ಜಿಬಿ ಇಮೇಜ್ ಎಲ್ಲಿ ಕೂರುತ್ತದೆ? 8 ಜಿಬಿ ಇದ್ದವರು ಮಾಡಲಿ. ಆಗಲೂ ಬೆಳಿಗ್ಗೆ 26 ಮೆಷಿನ್ ಒಟ್ಟಿಗೆ ಆನ್ ಮಾಡಿದರೆ 52 ಜಿಬಿ ಹೋಗಬೇಕು, ಗಿಗಾಬಿಟ್‌ನಲ್ಲಿ ಎಂಟು ನಿಮಿಷದ ಹತ್ತಿರ. ಮಾಮೂಲಿ ಬೂಟ್‌ನಲ್ಲಿ ಇಮೇಜ್‌ನ ಸ್ವಲ್ಪ ಭಾಗ ಮಾತ್ರ ಓದುತ್ತದೆ. ಪಿರಿಯಡ್ ಇರುವುದೇ ನಲವತ್ತು ನಿಮಿಷ. ಮಕ್ಕಳು ಯಾವತ್ತೂ ತೆರೆಯದ ಪ್ರೋಗ್ರಾಂ ಕೂಡ ರ‍್ಯಾಮ್‌ನಲ್ಲಿ ಕೂತಿರುತ್ತದೆ, ಇಳಿಯುವುದೂ ಇಲ್ಲ.

ಥಿನ್ ಕ್ಲೈಂಟ್ ಅಂದ ತಮ್ಮನವರಿಗೂ ಒಂದು ಲೆಕ್ಕ. ಪ್ರೋಗ್ರಾಂ ಸರ್ವರ್‌ನಲ್ಲಿ ಓಡಿದರೆ ಇಲ್ಲಿಗೆ ಬರಬೇಕಾದ್ದು ಪರದೆಯ ಚಿತ್ರ. 640×360 ಅಳತೆಯ ಒಂದು ಚಿಕ್ಕ ವಿಡಿಯೋ, ಪಿಕ್ಸೆಲ್‌ಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್. ಕಂಪ್ರೆಸ್ ಮಾಡದೆ ಕಳಿಸಿದರೆ ಸೆಕೆಂಡಿಗೆ 17 ಎಂಬಿ. ಏಳು ಮಕ್ಕಳು ಒಟ್ಟಿಗೆ ನೋಡಿದರೆ ಗಿಗಾಬಿಟ್ ಮುಗಿಯಿತು. 26 ಬ್ರೌಸರ್ ಓಡಿಸಲು ಸರ್ವರ್‌ನ 16 ಜಿಬಿಯೂ ಸಾಲುವುದಿಲ್ಲ. ಟೈಪಿಂಗ್ ಮಾತ್ರ ಕಲಿಸುವ ಲ್ಯಾಬ್ ಆದರೆ ಥಿನ್ ಕ್ಲೈಂಟ್ ಚಂದ.

ಕಾಪು_ದೀಪಸ್ತಂಭ, ಮುಂದಿನ ಬುಧವಾರ

ಎಲ್ಲ ಮಾಡಿದೆ. ಅದೇ ಒಂಬತ್ತನೇ ಕ್ಲಾಸು, ಅದೇ ಪಾಠ. ಶೇರ್ಡ್ ಈಗ 70ರ ಆಸುಪಾಸಿನಲ್ಲಿದೆ, ಅವೈಲಬಲ್ 600ರ ಮೇಲೆ. ರಿಫಾಲ್ಟ್ ಸಾಲು ಹತ್ತು ಸೆಕೆಂಡಿಗೆ ನೂರಿನ್ನೂರು ಏರಿದರೆ ಹೆಚ್ಚು. ಸ್ವಿಚ್ಚಿನ ದೀಪ ಬೂಟ್ ಆದ ಮೇಲೆ ಸುಮ್ಮನಿವೆ. ಮೆನು ಒತ್ತಿದ ಕೂಡಲೇ ತೆರೆಯುತ್ತದೆ. ಒಬ್ಬ ಹುಡುಗ ‘ಟೀಚರ್, ಹೊಸ ಕಂಪ್ಯೂಟರ್ ಬಂತಾ’ ಅಂತ ಕೇಳಿದ.

ಆದರೆ ಕೊನೆಯ ಸಾಲಿನ ಆರು ಮೆಷಿನ್ ಮಾತ್ರ ಬೂಟ್ ಆಗುವಾಗ ಹಾಗೆಯೇ ನಿಧಾನ. ಉಳಿದವು ಡೆಸ್ಕ್‌ಟಾಪ್‌ಗೆ ಬಂದು ಕೂತಿರುತ್ತವೆ, ಇವು ಇನ್ನೂ ಚುಕ್ಕಿ ತೋರಿಸುತ್ತಿರುತ್ತವೆ. ರ‍್ಯಾಮ್ ಅಷ್ಟೇ ಉಂಟು, ಇಮೇಜ್ ಅದೇ.

ಸೈಬರ್_ಕುಂದಾಪುರ

ಆ ಸಾಲಿಗೆ ಬೇರೆ ಚಿಕ್ಕ ಸ್ವಿಚ್ ಇದೆಯಾ?

ಕಾಪು_ದೀಪಸ್ತಂಭ

ಹೌದು, 8 ಪೋರ್ಟಿನದ್ದು. ದೊಡ್ಡ ಸ್ವಿಚ್‌ನಿಂದ ಒಂದು ಕೇಬಲ್ ಅಲ್ಲಿಗೆ ಹೋಗುತ್ತದೆ. ಅದೂ ಗಿಗಾಬಿಟ್ ಸ್ವಿಚ್ಚೇ, ಡಬ್ಬದ ಮೇಲೆ ಬರೆದಿದೆ.

ಸೈಬರ್_ಕುಂದಾಪುರ

ಡಬ್ಬ ಬಿಡಿ, ಕೇಬಲ್ ನೋಡಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ವೈರ್ ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಕ್ರಿಂಪ್ ಮಾಡುವಾಗ ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂರದಿದ್ದರೂ, ಪಿನ್ ಕಿಲುಬು ಹಿಡಿದರೂ ಲಿಂಕ್ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಪಿನ್ ಕಿಲುಬು ಹಿಡಿಯುವುದು ಹೊಸತಲ್ಲ. ಆಗ ಆರು ಮೆಷಿನ್ ಸೇರಿ ಸೆಕೆಂಡಿಗೆ 11 ಎಂಬಿ ಹಂಚಿಕೊಳ್ಳಬೇಕು. ಒಂದೊಂದು 300 ಎಂಬಿ ಓದಿದರೂ ಒಟ್ಟು 1.8 ಜಿಬಿ, ಎರಡೂವರೆ ನಿಮಿಷಕ್ಕೂ ಜಾಸ್ತಿ. ಗಿಗಾಬಿಟ್‌ನಲ್ಲಿ ಅದೇ ಹದಿನಾರು ಹದಿನೇಳು ಸೆಕೆಂಡಿನ ಕೆಲಸ.

ಪರೀಕ್ಷೆ ಸುಲಭ. ಆ ಕೇಬಲನ್ನು ಚಿಕ್ಕ ಸ್ವಿಚ್‌ನಿಂದ ಕಿತ್ತು ನೇರ ಒಂದು ಮೆಷಿನ್‌ಗೆ ಹಾಕಿ, ‘ಇಥ್‌ಟೂಲ್’ ಕೊಡಿ. ಸ್ಪೀಡ್ 1000 ಇದೆಯಾ 100 ಇದೆಯಾ ಹೇಳುತ್ತದೆ. ಆ ಮೆಷಿನ್‌ನದ್ದೇ ಪೋರ್ಟ್ ಗಿಗಾಬಿಟ್ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಕಾಪು_ದೀಪಸ್ತಂಭ

100. ಕನೆಕ್ಟರ್ ಎಳೆದು ನೋಡಿದರೆ ಕಂದು ವೈರ್ ಒಂದು ಕೈಗೇ ಬಂತು. ಸಂಜೆ ಹೊಸ ಕೇಬಲ್ ಹಾಕಿಸುತ್ತೇನೆ.

ಇನ್ನೊಂದು ಕೇಳುವುದಿತ್ತು. ಮಳೆಗಾಲ, ಕರೆಂಟು ಹೋಗಿ ಬಂದು ಮಾಡುತ್ತದೆ. ಸರ್ವರ್‌ಗೆ ಯುಪಿಎಸ್ ಉಂಟು, ಮಕ್ಕಳ ಮೆಷಿನ್‌ಗಳಿಗೆ ಇಲ್ಲ. ಕರೆಂಟು ಬಂದ ಕೂಡಲೇ 26ಕ್ಕೆ 26 ಒಟ್ಟಿಗೆ ಏಳುತ್ತವೆ, ಆಗ ಒಂದೆರಡು ಬೂಟ್ ಆಗದೆ ಹಾಗೇ ನಿಲ್ಲುತ್ತವೆ.

ಗೋಳಿಬಜೆ

ಬಯಾಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಸಾಲು ಸಾಲಾಗಿ ಮಕ್ಕಳೇ ಒತ್ತಲಿ. ಇಲ್ಲವಾದರೆ ಸರ್ವರ್‌ನಿಂದ ವೇಕ್-ಆನ್-ಲ್ಯಾನ್ ಕಳಿಸಿ ಐದೈದು ಮೆಷಿನ್ ಎಬ್ಬಿಸಬಹುದು.

ನಿಂತುಹೋಗುವುದು ಹೆಚ್ಚಾಗಿ ಟಿಎಫ್‌ಟಿಪಿ (ಬೂಟ್‌ನ ಮೊದಲ ಫೈಲ್‌ಗಳನ್ನು ಸರ್ವರ್‌ನಿಂದ ತರುವ ಸರಳ ವಿಧಾನ) ಹಂತದಲ್ಲಿ. ಅದು ಒಂದು ಬ್ಲಾಕ್ ಕಳಿಸಿ, ಸಿಕ್ಕಿತು ಅನ್ನುವ ಉತ್ತರ ಬರುವ ತನಕ ಕಾಯುತ್ತದೆ. ಮೂಲ ಬ್ಲಾಕ್ 512 ಬೈಟ್ ಅಷ್ಟೇ. ಗದ್ದಲದಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅಲ್ಲೇ ಮುಗ್ಗರಿಸುತ್ತದೆ. ಟಿಎಫ್‌ಟಿಪಿಯಲ್ಲಿ ಐಪಿಎಕ್ಸ್‌ಇ (ನೆಟ್‌ವರ್ಕ್ ಬೂಟ್ ಮಾಡಿಸುವ ಚಿಕ್ಕ ಪ್ರೋಗ್ರಾಂ) ಮಾತ್ರ ಇಳಿಸಿ, ಕರ್ನಲ್ ಮತ್ತು ಇನಿಟ್‌ಆರ್‌ಡಿಯನ್ನು (ಬೂಟ್‌ನ ಮೊದಲ ಹಂತಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಅದು ಎಚ್‌ಟಿಟಿಪಿಯಲ್ಲಿ ತರುವ ಹಾಗೆ ಮಾಡಿ.

ಮತ್ತೆ, ಇಮೇಜ್ ಹೊಸದು ಮಾಡುವಾಗ ಕ್ಲಾಸ್ ನಡೆಯುತ್ತಿದ್ದರೆ ಹಳೆ ಫೈಲ್ ಮೇಲೆಯೇ ಬರೆಯಬೇಡಿ, ಅಳಿಸಲೂ ಬೇಡಿ. ಕ್ಲೈಂಟ್‌ಗಳು ಬಿಸಾಡಿದ ಪೇಜ್ ಕೇಳಿಕೊಂಡು ವಾಪಸ್ ಬಂದಾಗ ಆ ಫೈಲ್ ಇಲ್ಲದಿದ್ದರೆ ‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂದು ಎಲ್ಲ ಒಟ್ಟಿಗೆ ಬೀಳುತ್ತವೆ. ಹಳೆಯದರ ಹೆಸರು ಬದಲಿಸಿ ಪಕ್ಕಕ್ಕೆ ಇಡಿ, ಎಲ್ಲ ರೀಬೂಟ್ ಆದ ಮೇಲೆ ಅಳಿಸಿ.

ನೇತ್ರಾವತಿ_ಸೇತುವೆ

ಸರಿ, ನನ್ನ ಎಸ್‌ಎಸ್‌ಡಿಗೆ ಯಾರೂ ಬೆಲೆ ಕೊಡಲಿಲ್ಲ. ಆದರೂ ಹೇಳುತ್ತೇನೆ. ಮುಂದೆ ಯಾರಾದರೂ ಹಳೆ ಚಿಕ್ಕ ಎಸ್‌ಎಸ್‌ಡಿ ಕೊಟ್ಟರೆ ಸಿಸ್ಟಂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಎಫ್‌ಎಸ್-ಕ್ಯಾಶ್ ಹಾಕಿ, ಎನ್‌ಎಫ್‌ಎಸ್ ಮೌಂಟ್‌ಗೆ ‘ಎಫ್‌ಎಸ್‌ಸಿ’ ಆಪ್ಷನ್ ಕೊಟ್ಟರೆ ಸರ್ವರ್‌ನಿಂದ ತಂದದ್ದರ ಪ್ರತಿ ಅಲ್ಲಿ ಉಳಿಯುತ್ತದೆ, ರೀಬೂಟ್ ಆದರೂ. ಡಿಸ್ಕ್ ಸತ್ತರೆ ಕಿತ್ತು ಬಿಸಾಡಿ, ಮೆಷಿನ್ ಮೊದಲಿನ ಹಾಗೆ ಓಡುತ್ತದೆ. ಇಮೇಜ್ ಒಂದೇ ಇರುತ್ತದೆ.

ಗೋಳಿಬಜೆ

ಇದು ಒಳ್ಳೆ ಮಾತು. ಒಪ್ಪಿದೆ.

ಸೈಬರ್_ಕುಂದಾಪುರ

ಟೀಚರ್, ಕೆಫೆ ಮುಚ್ಚಿದಾಗಿನ ಡಿಡಿಆರ್3 ಡೆಸ್ಕ್‌ಟಾಪ್ ರ‍್ಯಾಮ್ ಒಂದಷ್ಟು ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಎಲ್ಲ 2 ಜಿಬಿಯದ್ದು. ಒಂದು ಮೆಷಿನ್ ಬಿಚ್ಚಿ ಇನ್ನೊಂದು ಸ್ಲಾಟ್ ಖಾಲಿ ಇದೆಯಾ, ಈಗಿರುವುದು ಡಿಡಿಆರ್3 ಹೌದಾ ನೋಡಿ ಹೇಳಿ. ಡಿಡಿಆರ್2 ಆದರೆ ಕೂರುವುದಿಲ್ಲ. ಶನಿವಾರ ಉಡುಪಿಗೆ ಬರುವುದುಂಟು, ಬಸ್‌ಸ್ಟ್ಯಾಂಡ್ ಹತ್ತಿರ ಕೊಡುತ್ತೇನೆ.

ಕಾಪು_ದೀಪಸ್ತಂಭ

ಡಿಡಿಆರ್3, ಒಂದು ಸ್ಲಾಟ್ ಖಾಲಿ. ಶನಿವಾರ ನನಗೆ ಮಧ್ಯಾಹ್ನದವರೆಗೆ ಕ್ಲಾಸ್, ಆಮೇಲೆ ಎಷ್ಟು ಹೊತ್ತಿಗಾದರೂ ಬರುತ್ತೇನೆ ಸರ್.

ಗೋಳಿಬಜೆ

ಎಲ್ಲದಕ್ಕೂ ಸಾಕಾಗದಿದ್ದರೆ ಮೊದಲು ಕೊನೆಯ ಸಾಲಿನ ಆರಕ್ಕೆ ಹಾಕಿ. ಅವರದ್ದು ಆರು ಮೆಷಿನ್‌ಗೆ ಒಂದೇ ಕೇಬಲ್, ಅಲ್ಲಿ ಉಳಿಸಿದ ಟ್ರಾಫಿಕ್‌ಗೆ ಬೆಲೆ ಜಾಸ್ತಿ.